ಪರಮಾಣು, ದ್ವ್ಯಣುಕ, ಮೋಲ್

ಜಲವನ್ನು ವಿಭಜಿಸಿದರೆ ಒಂದು ಪಾಲು ತೂಕದ ಜಲಜನಕಕ್ಕೆ ಎಂಟು ಪಾಲು ಆಮ್ಲಜನಕವು ದೊರೆಯುತ್ತದೆ. ಇಷ್ಟು ತಕ್ಕಡಿಯ ಮಾತು. ಆದರೆ ಆಮ್ಲಜನಕದ ಪರಮಾಣುಭಾರ ೮ ಎಂಬುದೋ ೧೬ ಎಂಬುದೋ ತಕ್ಕಡಿಗೆ ಗೋಚರಿಸದು. ನೀರಿನ ಅಣುವಿನಲ್ಲಿ ಜಲಜನಕದ ಪರಮಾಣು ಒಂದೋ ಎರಡೋ ಎಂಬುದು ಮೊದಲು ನಿರ್ಣಯವಾಗಬೇಕು. ಡಾಲ್ಟನನು ಒಂದೆಂದೇ ಬಗೆದನು. ಎರಡಳತೆ ಜಲಜನಕವು ಒಂದಳತೆ ಆಮ್ಲಜನಕದೊಡನೆ ಕೂಡಿ ಎರಡಳತೆ ನೀರಾವಿಯಾಗುವುದನ್ನು ವಿಚಾರಿಸಿದ ಇಟಲಿಯ ಅವೊಗಾಡ್ರೊ, ಸಮಾನ ಉಷ್ಣತೆ ಒತ್ತಡಗಳಲ್ಲಿ ಸಮಗಾತ್ರದ ಅನಿಲಗಳ ಅಣುಸಂಖ್ಯೆಯೂ ಸಮವೆಂದೂ, ಆಮ್ಲಜನಕದ ಅಣುವು ಇಬ್ಭಾಗವಾಗುವುದೆಂದೂ ೧೮೧೧ರಲ್ಲಿ ಪ್ರತಿಪಾದಿಸಿದನು. ಸಜಾತೀಯ ಪರಮಾಣುಗಳೆರಡು ಕೂಡಲಾರವೆಂದು ಡಾಲ್ಟನ್, ಬರ್ಸೀಲಿಯಸ್ ಮೊದಲಾದವರು ನಂಬಿದ್ದುದರಿಂದ ಈ ಮತಕ್ಕೆ ಬಹುಕಾಲ ಮನ್ನಣೆ ಸಿಕ್ಕಲಿಲ್ಲ.

ಸಜಾತೀಯ ಪರಮಾಣುದ್ವಯದಿಂದಲೇ ದ್ವ್ಯಣುಕವನ್ನು ಹೇಳುವ ವೈಶೇಷಿಕರಿಗೆ ಈ ಶಂಕೆಯೇ ಹುಟ್ಟುತ್ತಿರಲಿಲ್ಲ. ಅಷ್ಟರಿಂದ ನಮ್ಮವರು ಈ ಶಾಸ್ತ್ರವನ್ನು ಅರಿತಿದ್ದರೆನ್ನುವುದು ಬರಿಯ ಅಭಿಮಾನ. ಅವರಿಗೆ ಜಲವೇ ಒಂದು ಮೂಲದ್ರವ್ಯ. ಗುರುತ್ವವನ್ನು ಗುಣಗಳಲ್ಲಿ ಎಣಿಸಿದರೇ ಹೊರತು ಪರಮಾಣುವನ್ನು ತೂಗಲಿಲ್ಲ.

ಅವೊಗಾಡ್ರೊ ೧೮೫೬ರಲ್ಲಿ ತೀರಿಕೊಂಡನು. ಆತನ ಮತವನ್ನು ಸಮರ್ಥಿಸಿ ಕನ್ನಿತ್ಸಾರೊ ೧೮೫೮ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ೧೮೬೦ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ಹಂಚಿದರು. ಕ್ರಮೇಣ ೧೬ ಎಂಬುದೇ ನಿಂತಿತು.

ವಿವಾದವು ಕೇವಲ ಸಂಜ್ಞೆಯದಲ್ಲ. ೧೮ ಗ್ರಾಂ ನೀರು ಇಂದು ಒಂದು ಮೋಲ್. ಮೋಲೊಂದಕ್ಕೆ ಕಣಗಳು ೬.೦೨೨೧೪೦೭೬ × ೧೦ರ ೨೩ನೆಯ ಘಾತವೆಂದು ೨೦೧೯ರಿಂದ ವ್ಯವಸ್ಥೆಯಾಗಿದೆ. ಅಣುಗಳು ಇಷ್ಟಾದರೆ ಪರಮಾಣುಗಳು ಇದರ ಮೂರು ಮಡಿ. ಡಾಲ್ಟನನ ಎಣಿಕೆಯಂತೆ ಜಲದಣುವಿಗೆ ಎರಡೇ ಪರಮಾಣುಗಳೆಂದು ಹಿಡಿದಿದ್ದರೆ ಅದೇ ನೀರು ಎರಡು ಮೋಲಾಗಿ, ಪರಮಾಣುಗಳು ನಾಲ್ಕು ಮಡಿಯಾಗುತ್ತಿದ್ದುವು.