ಮದ್ದಗಿರಿ ಸೀಮೆಯ ಉಚ್ಚೆಳ್ಳು ಹೂವು

ಅಮೆರಿಕದಲ್ಲಿರೋ ನನ್ನ ತಂಗಿ ಮಗಳು ಒಂದು ಫೋಟೋ ಕಳಿಸಿದ್ಲು. ನೇರಳೆ ಬಣ್ಣದ ದಳ, ನಡುವೆ ಮುಳ್ಳುಮುಳ್ಳಾಗಿ ಉಬ್ಬಿದ ಗುಬುಟು, ಅದರ ಮೇಲೆ ನಾಲ್ಕು ದುಂಬಿ. "ದೊಡ್ಡಮ್ಮ, ಇದರ ಹೆಸರು ಎಕಿನೇಷಿಯ. ಜೇನು ಹುಡುಕ್ಕೊಂಡು ಬರ್ತವೆ, ನೆಗಡಿಗೂ ಔಷಧಿ ಅಂತಾರೆ. ನೀವೂ ಹಾಕಿ" ಅಂದ್ಲು. ಬೀಜಾನೂ ತರಿಸಿಕೊಟ್ಲು.

ಹಾಕಿದೆ. ನಾಲ್ಕೇ ನಾಲ್ಕು ಮೊಳೆತವು, ಅವೂ ನಮ್ಮ ಬಿಸಿಲಿಗೆ ಬಾಡಿಹೋದವು. ಆ ಬೀಜಕ್ಕೆ ಮೊಳೆಯೋ ಮುಂಚೆ ಒಂದಷ್ಟು ವಾರ ತಣ್ಣಗಿನ ತೇವ ಬೇಕಂತೆ. ನಾನು ಹಾಕಿದ್ದು ಯುಗಾದಿ ಬಿಸಿಲಲ್ಲಿ! ಅದು ಅಮೆರಿಕದ ಹುಲ್ಲುಗಾವಲಿನ ಗಿಡ. ಅಲ್ಲಿನ ಮೂಲನಿವಾಸಿಗಳು ಅದರ ಬೇರನ್ನ ಹಲ್ಲುನೋವಿಗೆ, ಗಂಟಲುನೋವಿಗೆ ಬಳಸ್ತಿದ್ರು. 1794ರಲ್ಲಿ ಮೋಂಚ್ ಅನ್ನೋ ಜರ್ಮನ್ ಪಂಡಿತ ಆ ಮುಳ್ಳುಗುಬುಟು ನೋಡಿ ಮುಳ್ಳುಹಂದಿಯ ಗ್ರೀಕ್ ಹೆಸರನ್ನೇ ಅದಕ್ಕಿಟ್ಟ. ಈಗ ಅದರ ಮಾತ್ರೆ ಎಲ್ಲಾ ಕಡೆ ಮಾರ್ತಾರೆ. ಆದರೆ ನೆಗಡಿಗೆ ಅದು ಖಂಡಿತ ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಸೇವಂತಿಗೆ, ಚೆಂಡುಹೂವು ಮುಟ್ಟಿದರೆ ಕಡಿತ, ಸೀನು ಬರೋರು ಅದರ ತಂಟೆಗೆ ಹೋಗದೇ ಇರೋದು ವಾಸಿ, ಯಾಕಂದ್ರೆ ಎಲ್ಲಾ ಒಂದೇ ಕುಲ.

ಆ ಕುಲದ ಹೆಸರು ಕೇಳಿದಾಗಲೇ ನನಗೆ ನಮ್ಮತ್ತೆಯ ಉಚ್ಚೆಳ್ಳು ನೆನಪಾಗಿದ್ದು.

ಹಳಬರು ನಮ್ಮೂರನ್ನ ಮದ್ದಗಿರಿ ಅಂತಿದ್ರು, ಆಮೇಲೆ ಅದು ಮಧುಗಿರಿ ಆಯ್ತು. ಮದ್ದು, ಮಧು ಎರಡೂ ಹೆಸರಲ್ಲೇ ಇರೋ ಊರಿಗೆ ಜೇನಿನ ಹೂವು ಹೊರಗಿಂದ ಬರಬೇಕಾ ಅಂತ ಮೊದಲು ಜಂಬಪಟ್ಟೆ. ಓದಿ ನೋಡಿದರೆ ಉಚ್ಚೆಳ್ಳೂ ಹೊರಗಿನದೇ ಕಣ್ರೇ! ಹೆಸರಲ್ಲಿ ಎಳ್ಳಿದ್ದರೂ ಎಳ್ಳಿನ ಜಾತಿಯಲ್ಲ, ಸೂರ್ಯಕಾಂತಿ ಕುಲ. ಹುಟ್ಟೂರು ಆಫ್ರಿಕಾದ ಇಥಿಯೋಪಿಯ. ಅಲ್ಲಿ ಇವತ್ತಿಗೂ ನೂಗ್ ಅಂತ ಬೆಳೆದು ಎಣ್ಣೆ ತೆಗೀತಾರೆ. ನಮ್ಮ ರಾಗಿಯ ತವರೂ ಆ ಕಡೆಯ ಎತ್ತರದ ನಾಡೇ. ಎಷ್ಟೋ ಕಾಲದ ಹಿಂದೆ ಸಮುದ್ರ ದಾಟಿ ಬಂದ ಇವೆರಡೂ ನಮ್ಮ ಬೆದ್ದಲಲ್ಲಿ ಅಕ್ಕಪಕ್ಕ ನಿಂತುಬಿಟ್ಟವು. ಬುಕಾನನ್ ಅನ್ನೋ ಇಂಗ್ಲಿಷಿನವರ ಡಾಕ್ಟರು 1800ರಲ್ಲಿ ಮಧುಗಿರಿ, ಸಿರಾ ಮೇಲೆ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಸೀಮೆಯ ಎಣ್ಣೆಕಾಳುಗಳ ಜೊತೆ ಹುಚ್ಚೆಳ್ಳಿನ ಹೆಸರೂ ಇದೆ.

ನಾನು ಮದುವೆಯಾಗಿ ಬಂದಾಗ ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇತ್ತು. ಅವರೆ, ತೊಗರಿ, ಅಂಚಿಗೆ ಉಚ್ಚೆಳ್ಳು. ದನ ಅದಕ್ಕೆ ಅಷ್ಟಾಗಿ ಬಾಯಿ ಹಾಕಲ್ಲ, ಹಂಗಾಗಿ ಅದೇ ಬೇಲಿ. ದೀಪಾವಳಿ ಹೊತ್ತಿಗೆ ಹೊಲದ ಸುತ್ತ ಅರಿಶಿನ ಬಳಿದಂಗೆ ಹೂವು. ಅದನ್ನೇ ಕಿತ್ತು ಸಗಣಿ ಉಂಡೆಗೆ ಸಿಕ್ಕಿಸಿ ಹೊಸ್ತಿಲ ಪಕ್ಕ ಇಡ್ತಿದ್ವಿ. ಈ ಗಿಡ ತನ್ನದೇ ಪರಾಗಕ್ಕೆ ಕಾಳು ಕಟ್ಟಲ್ಲ, ಬೇರೆ ಗಿಡದ್ದು ಬರಬೇಕು. ಅದನ್ನ ತರೋದು ಜೇನು. ಹೂವು ಜೇನನ್ನ ಸಾಕುತ್ತೆ, ಜೇನು ಹೂವನ್ನ ಸಾಕುತ್ತೆ.

ಆಮೇಲೆ ಬೆದ್ದಲೆಲ್ಲಾ ಬರೀ ಕಡ್ಲೆಕಾಯಿ ಆಯ್ತು. ಅದರ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತೆ, ಜೇನಿನ ಹಂಗಿಲ್ಲ. ಗಾಣ ನಿಂತವು, ಅಂಗಡಿಯಿಂದ ಪ್ಯಾಕೆಟ್ ಎಣ್ಣೆ ಬಂತು. 1991-92ರಲ್ಲಿ ತುಡುವೆ ಜೇನಿಗೆ ರೋಗ ಬಡಿದು ಕರ್ನಾಟಕದಲ್ಲಿ ಗೂಡುಗೂಡೇ ಸತ್ತವು.

ಇದೆಲ್ಲಾ ಕಾಲದ ತಪ್ಪು ಅಂತ ಹೇಳಿ ಕೈತೊಳ್ಕೊಬಹುದು. ಆದರೆ ನಮ್ಮನೇಲಿ ಬೀಜ ಕಳೆದದ್ದು ನನ್ನ ಕೈಯಿಂದ. ಅತ್ತೆ ತೀರಿಕೊಂಡ ವರ್ಷ, ಬೂದಿ ಬೆರೆಸಿ ಮಡಕೇಲಿ ಇಟ್ಟಿದ್ದ ಬಿತ್ತನೆ ಉಚ್ಚೆಳ್ಳನ್ನ ನಾನು ತೊಳೆದು, ಒಣಗಿಸಿ, ಹುರಿದು ಚಟ್ನಿಪುಡಿ ಮಾಡಿಬಿಟ್ಟೆ. ಇನ್ಯಾರು ಬಿತ್ತಾರೆ ಅಂದ್ಕೊಂಡೆ. ಎಲ್ಲರೂ ರುಚಿ ಅಂತ ತಿಂದ್ರು. ಎಷ್ಟು ತಲೆಮಾರಿನ ಬೀಜವೋ, ಒಂದು ತಿಂಗಳಲ್ಲಿ ಮುಗೀತು.

ಅದರ ಬೆಲೆ ಗೊತ್ತಾಗಿದ್ದು ಹಿತ್ತಲಲ್ಲಿ. ಕುಂಬಳಬಳ್ಳಿ ತುಂಬ ಹೂವು ಬಿಡೋದು, ಪಿಂದೆ ಹಳದಿಯಾಗಿ ಉದುರೋದು. ಬೆಳಗ್ಗೆ ಎದ್ದು ಗಂಡುಹೂವು ಕಿತ್ತು ಹೆಣ್ಣುಹೂವಿಗೆ ಮುಟ್ಟಿಸ್ತಾ, ಜೇನು ಮಾಡೋ ಕೆಲಸ ನಾನು ಮಾಡ್ತಿದ್ದೆ.

ಹೋದ ಶ್ರಾವಣದಲ್ಲಿ ಕೊರಟಗೆರೆ ಕಡೆ ನಮ್ಮ ತವರೂರಿನ ಅಜ್ಜಿಯೊಬ್ಬರ ಹತ್ತಿರ ಒಂದು ಬೊಗಸೆ ಉಚ್ಚೆಳ್ಳು ಇಸ್ಕೊಂಡು ಬಂದು ಹಿತ್ತಲ ಅಂಚಿಗೆ ಚೆಲ್ಲಿದೆ. ಗೊಬ್ಬರ ಹಾಕಲಿಲ್ಲ, ಔಷಧಿ ಹೊಡೀಲಿಲ್ಲ. ದೀಪಾವಳಿಗೆ ಹೂವಾಯ್ತು. ಮೊದಲು ಕೋಲ್ಜೇನು ಬಂದವು, ಆಮೇಲೆ ತುಡುವೆ, ಬಣ್ಣಬಣ್ಣದ ಚಿಟ್ಟೆ. ಉಚ್ಚೆಳ್ಳಿಗೆ ಬಂದವು ಪಕ್ಕದ ಕುಂಬಳಕ್ಕೂ ಹೋದವು. ಈ ಸಲ ಏಳು ಕಾಯಿ, ನಾನು ಒಂದು ಹೂವೂ ಮುಟ್ಟಲಿಲ್ಲ.

ತಂಗಿ ಮಗಳಿಗೆ ಫೋಟೋ ಕಳಿಸಿದೆ. "ಇದೂ ಅದರ ನೆಂಟನೇ ದೊಡ್ಡಮ್ಮ" ಅಂತ ನಕ್ಕಳು. ಹೌದು, ಎರಡೂ ಬೇರೆ ನಾಡಿನವೇ. ಉಚ್ಚೆಳ್ಳು ನಮ್ಮದಾಗಿದ್ದು, ನಮ್ಮ ಅಜ್ಜಿಯರು ವರ್ಷ ವರ್ಷ ಬೀಜ ಎತ್ತಿಟ್ಟಿದ್ದರಿಂದ.

ಈಗ ಮಡಕೇಲಿ ಎರಡು ಸೇರಿದೆ. ಬೇಕಾದವರು ಬನ್ನಿ, ಬೊಗಸೆ ಕೊಡ್ತೀನಿ. ಚಟ್ನಿಪುಡೀನೂ ಮಾಡ್ಕೊಳ್ಳಿ, ಆದರೆ ಹುರಿಯೋ ಮುಂಚೆ ಬೀಜಕ್ಕೆ ಅಂತ ಒಂದು ಪಾವು ಎತ್ತಿಡಿ.