ಬೆಳೆಯೋದು ಅಲ್ಲಿ, ಹೆಸರು ಇಲ್ಲಿ

ಇಟಲಿಗೆ ಹೋಗ್ತೀನಿ ಅಂದಾಗ ಎಲ್ಲರೂ ಹೇಳಿದ್ದು ರೋಮ್, ವೆನಿಸ್, ಪೀಸಾದ ವಾಲುಗೋಪುರ. ಆಫೀಸಿನ ಕೆಲಸ ಮುಗಿದ ಮೇಲೆ ನನಗೆ ಉಳಿದದ್ದು ಎರಡೇ ದಿನ. ಆ ಎರಡು ದಿನವನ್ನೂ ನಾನು ತ್ರಿಯೆಸ್ತೆ ಅನ್ನುವ ಬಂದರಿನೂರಿಗೆ ಕೊಟ್ಟೆ. "ಅದ್ಯಾವ ಊರು ಮಾರಾಯ?" ಅಂತ ಜೊತೆಯವರು ನಕ್ಕರು.

ಕಾರಣ ಹಳೆಯದು. ಸಣ್ಣವನಿದ್ದಾಗ ಮೂಡಿಗೆರೆ ಹತ್ತಿರದ ನಮ್ಮ ತೋಟದ ಕಣದಲ್ಲಿ ಕೂತು, "ಅಜ್ಜ, ನಮ್ಮ ಕಾಫಿ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದ್ದೆ. "ಕ್ಯೂರಿಂಗ್ ವರ್ಕ್ಸಿಗೆ." "ಆಮೇಲೆ?" "ನಮ್ಮ ಕಾಲದಲ್ಲಾದ್ರೆ ಬೋರ್ಡಿಗೆ." "ಆಮೇಲೆ?" ಅಂದಿದ್ದಕ್ಕೆ "ಒಳಗೆ ಹೋಗಿ ಓದ್ಕೋ ಹೋಗು" ಅಂತ ಗದರಿಸಿದ್ದರು :)

ಪಾಪ, ಅಜ್ಜನಿಗೂ ಗೊತ್ತಿರಲಿಲ್ಲ. 1942ರ ಕಾಫಿ ಕಾಯಿದೆಯ ಕಾಲದಿಂದ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿ. ಮಾರಾಟ ಬೋರ್ಡಿನದು, ದುಡ್ಡು ಕಂತುಕಂತಾಗಿ ಬರೋದು. 1990ರ ದಶಕದಲ್ಲಿ ಈ ಪದ್ಧತಿ ಸ್ವಲ್ಪಸ್ವಲ್ಪವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಹೋಯಿತು. ಅಷ್ಟರಲ್ಲಿ ಒಂದು ತಲೆಮಾರು ತನ್ನ ಕಾಫಿ ಕುಡಿದವರ ಮುಖ ನೋಡದೆಯೇ ಮುಗಿದಿತ್ತು. ಭಾರತದ ಕಾಫಿಗೆ ಬಹಳ ವರ್ಷಗಳಿಂದ ಇಟಲಿಯೇ ದೊಡ್ಡ ಗಿರಾಕಿ, ಆ ಇಟಲಿಗೆ ಕಾಫಿ ಇಳಿಯುವ ಮುಖ್ಯ ಬಂದರುಗಳಲ್ಲಿ ತ್ರಿಯೆಸ್ತೆ ಒಂದು ಅಂತ ಓದಿದ್ದೆ. ಅಜ್ಜನ ಬದಲು ನಾನಾದರೂ ನೋಡಿ ಬರೋಣ ಅಂತ ಹೊರಟೆ.

ಮೆಡಿಟರೇನಿಯನ್ನಿನ ಭಾಗವೇ ಆದ ಏಡ್ರಿಯಾಟಿಕ್ ಸಮುದ್ರದ ತುತ್ತತುದಿಯಲ್ಲಿದೆ ಈ ಊರು. ನಡುವಿನ ದೊಡ್ಡ ಚೌಕಕ್ಕೆ ಮೂರು ಕಡೆ ಅರಮನೆಯಂಥ ಕಟ್ಟಡಗಳು, ನಾಲ್ಕನೇ ಕಡೆ ಸಮುದ್ರ. ಗುಡ್ಡದ ಮೇಲೆ ಸಂತ ಜುಸ್ತೊ ಚರ್ಚು, ಕೆಳಗೆ ರೋಮನ್ನರ ಕಾಲದ ಬಯಲು ನಾಟಕಶಾಲೆ. 'ಬೋರಾ' ಅನ್ನುವ ಗಾಳಿ ಕೆಲವೊಮ್ಮೆ ಗಂಟೆಗೆ 100 ಕಿಲೋಮೀಟರಿಗಿಂತ ಜೋರಾಗಿ ಬೀಸುತ್ತದಂತೆ. ನಾನು ಹೋದಾಗ ಅಷ್ಟಿರಲಿಲ್ಲ. ಆದರೂ ಆಷಾಢದಲ್ಲಿ ಕೊಟ್ಟಿಗೆಹಾರದಲ್ಲಿ ಕೊಡೆ ಬಿಡಿಸಿದ ಹಾಗೆ ಆಯಿತು!

1719ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಅಂತ ಸಾರಿದ. ಅಲ್ಲಿಂದ ಊರಿನ ಅದೃಷ್ಟ ಖುಲಾಯಿಸಿತು. ಗ್ರೀಕರು, ಸರ್ಬಿಯನ್ನರು, ಯಹೂದಿಗಳು ವ್ಯಾಪಾರಕ್ಕೆ ಬಂದು ನೆಲೆಸಿದರು, ಎಲ್ಲರ ದೇವಾಲಯಗಳೂ ಇವತ್ತಿಗೂ ಇವೆ. ಚಾರ್ಲ್ಸನ ಮಗಳು ಮರಿಯಾ ತೆರೇಸಾಳ ಕಾಲದಲ್ಲಿ ಉಪ್ಪಿನ ಗದ್ದೆಗಳನ್ನು ಮುಚ್ಚಿ ಹೊಸ ಪೇಟೆ ಕಟ್ಟಿದರು. 1857ರಲ್ಲಿ ವಿಯೆನ್ನಾದಿಂದ ರೈಲು ಬಂತು. ಇಲ್ಲಿ ಇಳಿದ ಕಾಫಿ ರೈಲು ಹತ್ತಿ ಇಡೀ ಸಾಮ್ರಾಜ್ಯಕ್ಕೆ ಹೋಗುತ್ತಿತ್ತು.

ನಮಗೆ ಸಂಬಂಧಪಟ್ಟ ವರ್ಷ ಮಾತ್ರ 1869. ಆ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಕಾಲುವೆ ಕಂಪನಿಯ ಉಪಾಧ್ಯಕ್ಷರಲ್ಲಿ ಒಬ್ಬ ಇದೇ ಊರಿನ ವ್ಯಾಪಾರಿ ಪಾಸ್ಕ್ವಾಲೆ ರೆವೊಲ್ತೆಲ್ಲಾ. ಅವನ ಮನೆ ಈಗ ಮ್ಯೂಸಿಯಂ. ಅದಕ್ಕೂ ಮೊದಲು ಘಟ್ಟ ಇಳಿದು ಮಂಗಳೂರು ಮುಟ್ಟಿದ ನಮ್ಮ ಕಾಫಿ ಹಾಯಿಹಡಗಿನಲ್ಲಿ ಆಫ್ರಿಕಾವನ್ನೇ ಬಳಸಿಕೊಂಡು ತಿಂಗಳುಗಟ್ಟಲೆ ಹೋಗಬೇಕಿತ್ತು. ಸಮುದ್ರದ ತೇವ ಕುಡಿದು ಹಸಿರು ಬೀಜ ಉಬ್ಬಿ ಹಳದಿಯಾಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಯೂರೋಪಿನವರಿಗೆ ಆ ರುಚಿಯೇ ಒಗ್ಗಿಹೋಗಿತ್ತು. ಕಾಲುವೆ, ಉಗಿಹಡಗು ಬಂದು ಪ್ರಯಾಣ ಚಿಕ್ಕದಾಯಿತು, ಬೀಜ ಹಸಿರಾಗಿಯೇ ತಲುಪತೊಡಗಿತು, ಗಿರಾಕಿಗಳು "ಇದು ಆ ಕಾಫಿ ಅಲ್ಲ" ಅಂದರು! ಅದಕ್ಕೇ ಕರಾವಳಿಯ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬೀಜವನ್ನು ಮಳೆಗಾಲದ ಗಾಳಿಗೆ ಒಡ್ಡಿ, ಬೇಕಂತಲೇ ಹಳದಿ ಮಾಡುವ ಪದ್ಧತಿ ಬಂತು. ಅದೇ ಇವತ್ತಿನ 'ಮಾನ್ಸೂನ್ಡ್ ಮಲಬಾರ್'. ಹಳೆಯ ಸಿಸ್ಟಮ್ಮಿನ ಬಗ್ ಒಂದನ್ನು ಹೊಸದರಲ್ಲಿ ಫೀಚರ್ ಅಂತ ಉಳಿಸಿಕೊಳ್ಳುತ್ತೇವಲ್ಲ, ಹಾಗೆ.

ಮಧ್ಯಾಹ್ನ 1914ರಲ್ಲಿ ಶುರುವಾದ ಸಾನ್ ಮಾರ್ಕೊ ಕೆಫೆಯಲ್ಲಿ ಕೂತೆ. ನಮ್ಮ 'ಬೈಟು'ವಿನ ಹಾಗೆ ಇವರಿಗೂ ಸ್ವಂತ ಭಾಷೆಯಿದೆ. ಎಸ್ಪ್ರೆಸೊ ಬೇಕಿದ್ದರೆ 'ನೇರೊ' ಅನ್ನಬೇಕು, ಚೂರು ಹಾಲು ಬೇಕಿದ್ದರೆ 'ಕಾಪೊ', ಅದೇ ಗಾಜಿನ ಲೋಟದಲ್ಲಿ ಬೇಕಿದ್ದರೆ 'ಕಾಪೊ ಇನ್ ಬಿ'. 1933ರಲ್ಲಿ ಫ್ರಾನ್ಸೆಸ್ಕೊ ಇಲ್ಲಿ ಶುರುಮಾಡಿದ ಪ್ರಖ್ಯಾತ ಕಾಫಿ ಕಂಪನಿಯೂ ಇದೇ ಊರಿನದು. ಕಂಪನಿಯ ಹೆಸರೂ 'ಇಲ್ಲಿ'. ನಗು ಬಂತು. ಬೆಳೆಯೋದು ಅಲ್ಲಿ, ಹೆಸರು ಇಲ್ಲಿ!

ಆಮೇಲೆ ಯೋಚಿಸಿದರೆ ಅದು ಬರೀ ತಮಾಷೆ ಅಲ್ಲ ಅನ್ನಿಸಿತು. 17ನೇ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ಕತೆಯಲ್ಲಿ ಬರುವ ಮೋಖಾ ಕೂಡ ಬಂದರೇ. ಅಲ್ಲಿ ಕಾಫಿ ಬೆಳೆಯುತ್ತಿರಲಿಲ್ಲ, ಯೆಮೆನ್ನಿನ ಗುಡ್ಡಗಳಿಂದ ಇಳಿದು ಬರುತ್ತಿತ್ತು. ಜಗತ್ತು ನೆನಪಿಟ್ಟದ್ದು ಮೋಖಾವನ್ನು, ಆ ಗುಡ್ಡಗಳನ್ನಲ್ಲ. ಮಲಬಾರ್ ಅನ್ನುವುದೂ ಕರಾವಳಿಯ ಹೆಸರೇ. ಹಡಗು ಹತ್ತುವ ಜಾಗಕ್ಕೆ, ಇಳಿಯುವ ಜಾಗಕ್ಕೆ ಹೆಸರು ಬಂತು. ಹಣ್ಣು ಕೊಯ್ದ ಜಾಗ ಚೀಲದೊಳಗೆ ಬೆರೆತುಹೋಯಿತು. ಅಂಗಡಿಯ ಕಪಾಟಿನಲ್ಲಿ ಹುಡುಕಿದೆ, ಪೊಟ್ಟಣವೊಂದರ ಮೇಲೆ 'ಇಂಡಿಯಾ' ಅಂತ ಇತ್ತು, ಅಷ್ಟೇ. ಎಸ್ಪ್ರೆಸೊ ಮೇಲಿನ ದಪ್ಪ ನೊರೆಗೆ ನಮ್ಮ ರೋಬಸ್ಟಾ ಬೇಕು, ಆದರೆ ಮಿಶ್ರಣದಲ್ಲಿ ಹೆಸರು ಇರುವುದಿಲ್ಲ.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿಐ ಮಾನ್ಯತೆ ಸಿಕ್ಕಿತು. ಗುಡ್ಡದ ಹೆಸರು ಕೊನೆಗೂ ಕಾಗದದ ಮೇಲೆ ಬಂತು. ಆ ವರ್ಷದ ಪಟ್ಟಿಯಲ್ಲಿದ್ದ ರೋಬಸ್ಟಾ ಮಾತ್ರ ವಯನಾಡಿನದೊಂದೇ.

ಸಂಜೆ ಸಮುದ್ರದೊಳಗೆ ಚಾಚಿಕೊಂಡ ಕಟ್ಟೆಯ ಮೇಲೆ ನಡೆಯುತ್ತಾ ಮನೆಗೆ ಫೋನ್ ಮಾಡಿದೆ. "ಅಪ್ಪ, ನಮ್ಮ ಕಾಫಿ ಹಡಗಿನಿಂದ ಇಳಿಯೋ ಊರಲ್ಲಿದ್ದೀನಿ." ಅವರು ಒಂದು ಕ್ಷಣ ಸುಮ್ಮನಿದ್ದರು.

"ಹೌದೇನೋ? ಅಲ್ಲಿ ಮೂಡಿಗೆರೆ ಅಂದ್ರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ ಅಪ್ಪ."

"ಹೋಗ್ಲಿ ಬಿಡು. ಕಾಫಿ ಹೆಂಗಿದೆ?"

"ಚೆನ್ನಾಗಿದೆ."

"ಅಷ್ಟು ಸಾಕು" ಅಂದರು. ನನಗೆ ಮಾತ್ರ ಅಷ್ಟು ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆದೆ.