ಅಟ್ಟದ ಮೇಲಿನ ರೇಡಿಯೋ ಪೆಟ್ಟಿಗೆಗೆ ಬ್ಲೂಟೂತ್ ಕೂರಿಸುವ ಮೊದಲು

ಈಚೆಗೆ ಹೊಸದೊಂದು ಶೋಕಿ ಶುರುವಾಗಿದೆ. ತಾತನ ಕಾಲದ ಮರದ ರೇಡಿಯೋವನ್ನು ಅಟ್ಟದಿಂದ ಇಳಿಸುವುದು, ಒಳಗಿರೋದನ್ನೆಲ್ಲ ಕಿತ್ತು ಗುಜರಿಗೆ ಹಾಕುವುದು, ಖಾಲಿ ಪೆಟ್ಟಿಗೆಯೊಳಗೆ ಬ್ಲೂಟೂತ್ ಬೋರ್ಡು, ಹೊಸ ಸ್ಪೀಕರ್ ಕೂರಿಸಿ ಮೊಬೈಲಿನಿಂದ ಹಾಡು ಹಾಕುವುದು. ನೋಡೋಕೆ ಚೆಂದ, ಕೇಳೋಕೂ ಚೆಂದ. ಅಟ್ಟದಲ್ಲಿ ಗೆದ್ದಲು ತಿಂದು ಹೋಗುವುದಕ್ಕಿಂತ ಹಾಲಿನಲ್ಲಿ ಹಾಡಿಕೊಂಡಿರಲಿ ಎನ್ನುವವರ ಮಾತೂ ಸರಿಯೇ.

ನಮ್ಮ ತಕರಾರು ಬ್ಲೂಟೂತ್ ಬಗ್ಗೆ ಅಲ್ಲ, ಕಿತ್ತು ಬಿಸಾಡುವ ಭಾಗದ ಬಗ್ಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳೇ ಮನೆಗಳಲ್ಲಿ ಉಳಿದಿರುವ ರೇಡಿಯೋಗಳಲ್ಲಿ ಮರದ ಪೆಟ್ಟಿಗೆ ಹೇಳುವ ಕಥೆ ಸ್ವಲ್ಪ. ಆ ಮನೆಗೆ, ಆ ಊರಿಗೆ ಸೇರಿದ ಚರಿತ್ರೆಯೆಲ್ಲ ಇರೋದು ಒಳಗಿನ ತಗಡಿನ ಚಾಸಿಯಲ್ಲಿ, ಗಾಜಿನ ವಾಲ್ವುಗಳಲ್ಲಿ, ಡಯಲ್ಲಿನ ಮೇಲೆ. ಅದನ್ನು ಓದುವುದು ಹೇಗೆ ಅಂತ ತಿಳಿದುಕೊಂಡು ಆಮೇಲೆ ಸ್ಕ್ರೂಡ್ರೈವರ್ ಹಿಡಿಯೋಣ.

ರೇಡಿಯೋಗೆ 'ಆಕಾಶವಾಣಿ' ಎಂಬ ಹೆಸರು ಬಂದಿದ್ದು ನಮ್ಮ ನಾಡಿನಿಂದಲೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ಈಗ ನಮ್ಮ ಮನೆಯಲ್ಲಿ ಉರಿಯುವ ಮೂರು ಎಲ್‌ಇಡಿ ಬಲ್ಬಿನಷ್ಟು! ಅಷ್ಟು ಸಣ್ಣ ಯಂತ್ರದ ದನಿ ಮೈಸೂರಿನ ಸುತ್ತಮುತ್ತ ಕೇಳಿದ್ದೇ ಹೆಚ್ಚು, ಮಧುಗಿರಿ ಬೆಟ್ಟದವರೆಗೆ ಬರುವ ಮಾತೇ ಇಲ್ಲ. ಆಮೇಲೆ 250 ವ್ಯಾಟಿನ ಯಂತ್ರ ಬಂತು, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ನಿಲಯವನ್ನು ವಹಿಸಿಕೊಂಡಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು. ಮುಂದೆ ದೇಶದ ರೇಡಿಯೋ ಪೂರ್ತಿ 'ಆಕಾಶವಾಣಿ' ಅಂತಲೇ ಕರೆಸಿಕೊಂಡಿತು.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ರೇಡಿಯೋ ಅಂದರೆ ಈ ಬೆಂಗಳೂರು ನಿಲಯವೇ. ಅದರ ಮೀಡಿಯಂ ವೇವ್ ಪ್ರಸಾರ 612 ಕಿಲೋಹರ್ಟ್ಸ್‌ನಲ್ಲಿ. ಹಳೇ ಡಯಲ್ಲುಗಳಲ್ಲಿ ಅಂಕಿಗಳನ್ನು ಮೀಟರ್ ಲೆಕ್ಕದಲ್ಲಿ ಬರೆದಿರುತ್ತಿದ್ದರು. 612 ಕಿಲೋಹರ್ಟ್ಸ್ ಅಂದರೆ 490.2 ಮೀಟರ್. ನಿಮ್ಮ ಮನೆಯ ಪೆಟ್ಟಿಗೆಯ ಮುಳ್ಳು ಎಷ್ಟೋ ವರ್ಷದಿಂದ 490ರ ಹತ್ತಿರ ನಿಂತುಬಿಟ್ಟಿದ್ದರೆ ಅದನ್ನು ಕೊನೆಗೆ ಆರಿಸಿದವರು ಬೆಂಗಳೂರು ಕೇಳುತ್ತಿದ್ದರು ಅಂತಲೇ ಅರ್ಥ. 392ರ ಹತ್ತಿರ ಇದ್ದರೆ ಧಾರವಾಡ. ಪಾವಗಡದ ಮೂರು ಕಡೆ ಆಂಧ್ರವೇ ಇರುವುದರಿಂದ ಅಲ್ಲಿನ ಮನೆಗಳಲ್ಲಿ ಮುಳ್ಳು ತೆಲುಗು ನಿಲಯಗಳ ಕಡೆಗೆ ವಾಲಿದ್ದರೆ ಆಶ್ಚರ್ಯವೇನಿಲ್ಲ. ಡಯಲ್ಲನ್ನು ಒರೆಸುವ ಮೊದಲು, ಮುಳ್ಳು ಎಲ್ಲಿದೆಯೋ ಅಲ್ಲೇ ಇರುವಂತೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಡಯಲ್ ಗಾಜಿನ ಹಿಂಬದಿಗೆ ಅಕ್ಷರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ. ನೀರು, ಸೋಪು, ಸ್ಪಿರಿಟ್ ಹಾಕಿ ಹಿಂದುಗಡೆ ಉಜ್ಜಿದರೆ ದೆಹಲಿ, ಮದ್ರಾಸು, ಕೊಲಂಬೊ ಎಲ್ಲವೂ ಬಟ್ಟೆಗೆ ಬಂದುಬಿಡುತ್ತವೆ. ಮುಂಬದಿ ಮಾತ್ರ ಒರೆಸಬೇಕು. ಹಿಂಬದಿಗೆ ಮೃದುವಾದ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು.

ಈಗ ಒಳಗೆ ಬನ್ನಿ. ಪ್ಲಗ್ ತೆಗೆದಿದೆ ತಾನೇ? ಹಿಂದಿನ ರಟ್ಟಿನ ಮುಚ್ಚಳ ಬಿಚ್ಚಿ ವಾಲ್ವುಗಳ ಮೇಲೆ ಏನು ಬರೆದಿದೆ ನೋಡಿ. ಫಿಲಿಪ್ಸ್ ಮತ್ತು ಯುರೋಪಿನ ಪದ್ಧತಿಯಲ್ಲಿ ಹೆಸರಿಟ್ಟ ವಾಲ್ವುಗಳಲ್ಲಿ ಮೊದಲ ಅಕ್ಷರವೇ ದೊಡ್ಡ ಸುಳಿವು. 'ಡಿ' ಇಂದ ಶುರುವಾದರೆ, ಅಂದರೆ ಡಿಕೆ 96, ಡಿಎಲ್ 96 ಅಂತೆಲ್ಲ ಇದ್ದರೆ, ಅದು ಬ್ಯಾಟರಿ ಸೆಟ್ಟು. 'ಇ' ಇಂದ ಶುರುವಾದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಕರೆಂಟಿನ ಸೆಟ್ಟು. 'ಯು' ಅಂತಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟು.

ಈ ಒಂದು ಅಕ್ಷರದಲ್ಲಿ ನಿಮ್ಮ ಊರಿನ ಚರಿತ್ರೆಯೇ ಇದೆ. ಮನೆಯಲ್ಲಿ 'ಡಿ' ಸೆಟ್ಟು ಸಿಕ್ಕರೆ, ಅದನ್ನು ಕೊಂಡಾಗ ಬಹುಶಃ ಆ ಮನೆಗೆ ಕರೆಂಟು ಬಂದಿರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಗಳಿಗೆ ತಂತಿ ಬರೋದಕ್ಕೆ ದಶಕಗಳೇ ಬೇಕಾದವು. ಅಲ್ಲಿಯವರೆಗೆ ರೇಡಿಯೋ ಓಡಿದ್ದು 90 ವೋಲ್ಟಿನ ಒಣ ಬ್ಯಾಟರಿಯ ಮೇಲೆ. ಇಟ್ಟಿಗೆಯಂಥ ದಪ್ಪದ ಪೊಟ್ಟಣ ಅದು. ಬ್ಯಾಟರಿ ಬೇಗ ಇಳಿಯುತ್ತದೆ ಅಂತ ವಾರ್ತೆಗೆ ಮಾತ್ರ ಹಚ್ಚಿ, ಮುಗಿದ ಕೂಡಲೇ ಆರಿಸುತ್ತಿದ್ದರು. ಮನೆಯ ಹಿರಿಯರು ಈಗಲೂ ಟಿವಿಯನ್ನು ಸುಮ್ಮನೆ ಓಡಲು ಬಿಡದೆ ಆರಿಸುತ್ತಾರಲ್ಲ, ಆ ಅಭ್ಯಾಸದ ಬೇರು ಎಲ್ಲಿದೆ ಅಂತ ಯೋಚಿಸಿ.

ಎಲ್ಲರ ಮನೆಯಲ್ಲೂ ರೇಡಿಯೋ ಇರಲಿಲ್ಲ ಅನ್ನೋದು ಬೇರೆ ಹೇಳಬೇಕಿಲ್ಲ. 1950ರ ದಶಕದಿಂದ ಸರ್ಕಾರದ ನೆರವಿನಲ್ಲಿ ಹಳ್ಳಿಗಳಿಗೆ ಪಂಚಾಯಿತಿ ರೇಡಿಯೋ ಬರತೊಡಗಿತು. ಸಂಜೆ ಹೊತ್ತು ಊರವರು ಸೇರಿ ಕೂತು ಕೇಳುವುದು. ಬೆಂಗಳೂರು ನಿಲಯದ ಗ್ರಾಮಸ್ಥರ ಕಾರ್ಯಕ್ರಮದಲ್ಲಿ 'ಈರಣ್ಣ' ಆಗಿ ಮಾತಾಡುತ್ತಿದ್ದವರು ರಂಗಭೂಮಿಯ ಎ.ಎಸ್. ಮೂರ್ತಿ. ಆಕಾಶವಾಣಿ ಈರಣ್ಣ ಅಂತಲೇ ಅವರು ಹೆಸರಾಗಿಬಿಟ್ಟರು. ಬಿತ್ತನೆ, ಗೊಬ್ಬರ, ದನದ ಕಾಯಿಲೆ, ಎಲ್ಲವನ್ನೂ ಹಳ್ಳಿಯ ಮಾತಿನಲ್ಲೇ ಹೇಳುವ ದನಿ ಪೆಟ್ಟಿಗೆಯೊಳಗಿಂದ ಬಂದಿದ್ದು ನಮ್ಮ ಬಯಲುಸೀಮೆಯವರಿಗೆ ಸಣ್ಣ ಸಂಗತಿಯಲ್ಲ. ಅದುವರೆಗೆ ರೇಡಿಯೋ ಅಂದರೆ ಪೇಟೆಯವರ ಭಾಷೆ.

ಸಿನಿಮಾ ಹಾಡಿನ ಕಥೆ ಬೇರೆಯೇ. 1952ರಲ್ಲಿ ಕೇಂದ್ರದಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಸಂಗೀತ ಕಂಡರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಬಿತ್ತು. ಜನ ಸುಮ್ಮನಿರುತ್ತಾರೆಯೇ? ಮುಳ್ಳು ತಿರುಗಿಸಿ ಶಾರ್ಟ್ ವೇವ್‌ನಲ್ಲಿ ರೇಡಿಯೋ ಸಿಲೋನ್ ಹಿಡಿದರು. ಬಿನಾಕಾ ಗೀತಮಾಲಾ ಬೆಳೆದಿದ್ದು ಹಾಗೆ. ಕೊನೆಗೆ ಸರ್ಕಾರವೇ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿತು. ನಿಮ್ಮ ಪೆಟ್ಟಿಗೆಯ ಬ್ಯಾಂಡ್ ಬದಲಿಸುವ ಗುಂಡಿ ಸವೆದು ಸಡಿಲವಾಗಿದ್ದರೆ ಸಿಲೋನಿಗೂ ಅದರಲ್ಲಿ ಪಾಲಿರಬಹುದು!

ಮರ್ಫಿ ಸೆಟ್ಟುಗಳು ಮುಂಬೈ ಪಕ್ಕದ ಥಾಣೆಯಲ್ಲಿ ತಯಾರಾಗುತ್ತಿದ್ದವು. ಬಾಯಿಗೆ ಬೆರಳಿಟ್ಟ ಆ ಮಗುವಿನ ಚಿತ್ರ ಯಾರಿಗೆ ಮರೆತೀತು? ಫಿಲಿಪ್ಸ್, ಬುಷ್, ಎಚ್‌ಎಂವಿ, ನ್ಯಾಷನಲ್ ಎಕ್ಕೋ ಕೂಡ ನಮ್ಮ ಕಡೆ ಬಂದವು. ವಾಲ್ವಿನ ಗಾಜಿನ ಮೇಲೆ ಬಿಇಎಲ್ ಅಂತಿದೆಯಾ ನೋಡಿ. ಇದ್ದರೆ ಅದು ದೂರದ್ದಲ್ಲ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಜಾಲಹಳ್ಳಿಯ ಕಾರ್ಖಾನೆಯಲ್ಲಿ ರೇಡಿಯೋ ವಾಲ್ವು, ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ಬಸ್ಸಿನಲ್ಲಿ ದಾಟುತ್ತೀವಲ್ಲ, ಅದೇ ಜಾಲಹಳ್ಳಿ.

ಪೆಟ್ಟಿಗೆಯ ಜೊತೆಗೆ ಹುಡುಕಬೇಕಾದ್ದು ಲೈಸೆನ್ಸ್ ಪುಸ್ತಕ. ರೇಡಿಯೋ ಇಟ್ಟುಕೊಳ್ಳೋದಕ್ಕೆ ಪರವಾನಗಿ ಬೇಕಿತ್ತು, ವರ್ಷಕ್ಕೆ 15 ರೂಪಾಯಿ ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದನ್ನು ರದ್ದು ಮಾಡಿದರು. ಯಾರ ಹೆಸರಿನಲ್ಲಿ ಇತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಕಟ್ಟಿದ್ದಾರೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಕಟ್ಟದ ವರ್ಷ ಇದ್ದರೆ ಆ ವರ್ಷ ಮಳೆ ಹೇಗಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಹಳೇ ಪಹಣಿ, ಜಾತಕದ ಕಟ್ಟಿನ ಜೊತೆ ಈ ಪುಸ್ತಕ ಸಿಗುವ ಸಾಧ್ಯತೆ ಹೆಚ್ಚು.

ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಹೊಲಕ್ಕೆ ಹೋಯಿತು, ಸೈಕಲ್ ಹ್ಯಾಂಡಲಿಗೆ ನೇತುಬಿತ್ತು, ಅಳಿಯನಿಗೆ ಕೊಡುವ ವಾಚು-ಸೈಕಲ್ಲಿನ ಜೊತೆಗೆ ಸೇರಿತು. ಮರದ ಪೆಟ್ಟಿಗೆ ಗೂಡಿನಲ್ಲೇ ಉಳಿಯಿತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದ ಮೇಲೆ ಗೂಡೂ ಟಿವಿಯ ಪಾಲಾಯಿತು. ಪೆಟ್ಟಿಗೆ ಅಟ್ಟ ಹತ್ತಿತು.

ಇನ್ನು ರಿಪೇರಿ ವಿಚಾರ. ಅಟ್ಟದಿಂದ ಇಳಿಸಿದ ರೇಡಿಯೋವನ್ನು ದಯವಿಟ್ಟು ನೇರವಾಗಿ ಕರೆಂಟಿಗೆ ಚುಚ್ಚಬೇಡಿ. ಒಳಗೆ 200 ವೋಲ್ಟಿಗೂ ಹೆಚ್ಚು ಓಡಾಡುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನಿಂತಿರುತ್ತದೆ. ಹಳೇ ಕೆಪಾಸಿಟರುಗಳು ಒಣಗಿ ಸೋರುತ್ತಿರುತ್ತವೆ, ರಬ್ಬರ್ ವೈರು ಮುಟ್ಟಿದರೆ ಪುಡಿ. 'ಯು' ಸೆಟ್ಟುಗಳಲ್ಲಿ ತಗಡಿನ ಚಾಸಿಗೇ ಕರೆಂಟು ಬರಬಹುದು, ಮುಟ್ಟಿದರೆ ಜೀವಕ್ಕೇ ಅಪಾಯ. ಬಲ್ಲ ಮೆಕ್ಯಾನಿಕ್ಕು ಮೊದಲು ಹಳೇ ಕಾಲದ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಬಲ್ಬು ಜೋರಾಗಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಈಗ ಮೊಬೈಲ್ ಅಂಗಡಿಗಳು ಬೇಕಾದಷ್ಟಿವೆ, ವಾಲ್ವು ಬಲ್ಲವರು ಸಿಗೋದು ಕಷ್ಟ. ಹಳೇ ರೇಡಿಯೋ-ಟೇಪ್‌ರೆಕಾರ್ಡರ್ ರಿಪೇರಿಯವರು ಯಾರಾದರೂ ನಿಮ್ಮೂರಲ್ಲಿ ಇದ್ದರೆ ಈಗಲೇ ಹೋಗಿ ಮಾತಾಡಿಸಿ. ಬಿಡಿ ಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ಸೆಟ್ಟು ಬದುಕಿದರೆ ಹೊಸದನ್ನು ಸೇರಿಸೋದಕ್ಕೆ ಹಳೆಯದನ್ನು ಕೀಳಬೇಕಾಗಿಯೇ ಇಲ್ಲ. ಎಷ್ಟೋ ವಾಲ್ವು ರೇಡಿಯೋಗಳ ಹಿಂದೆ ಗ್ರಾಮಫೋನ್ ಸಿಕ್ಕಿಸುವ ಎರಡು ತೂತು ಇರುತ್ತವೆ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ, ಮೆಕ್ಯಾನಿಕ್ ಕೈಯಲ್ಲಿ ಸಣ್ಣ ಬ್ಲೂಟೂತ್ ರಿಸೀವರನ್ನು ಅಲ್ಲಿಗೆ ಜೋಡಿಸಿದರೆ ಸಾಕು. ಮೊಬೈಲಿನ ಹಾಡು ಅದೇ ಹಳೇ ವಾಲ್ವು, ಅದೇ ಹಳೇ ಸ್ಪೀಕರಿನಲ್ಲಿ ಬರುತ್ತದೆ. ಬೇಡವೆಂದರೆ ಎರಡು ವೈರು ಕಿತ್ತರಾಯಿತು. 'ಯು' ಸೆಟ್ಟಿಗೆ ಮಾತ್ರ ಇದನ್ನು ಮಾಡಲೇಬಾರದು.

ಚಾಸಿ ಪೂರ್ತಿ ತುಕ್ಕು ಹಿಡಿದು ಹೋಗಿದ್ದರೆ, ಅಥವಾ ಯಾರೋ ಆಗಲೇ ತಾಮ್ರಕ್ಕಾಗಿ ಕಿತ್ತು ಮಾರಿದ್ದರೆ, ಆಗ ಹೊಸ ಬೋರ್ಡು ಹಾಕಿ. ಐವತ್ತು, ನೂರು ವ್ಯಾಟಿನದು ಬೇಡ. ಆ ರೇಡಿಯೋ ತನ್ನ ಯೌವನದಲ್ಲೂ ಮೂರು-ನಾಲ್ಕು ವ್ಯಾಟಿನಲ್ಲೇ ಮನೆ ತುಂಬ ಹಾಡಿದ್ದು. 5 ವೋಲ್ಟಿನಲ್ಲಿ ಓಡುವ ಪಿಎಎಂ 8403 ಎಂಬ ಅಗ್ಗದ ಬೋರ್ಡು ಒಂದೊಂದು ಕಡೆಗೆ ಮೂರು ವ್ಯಾಟ್ ಕೊಡುತ್ತದೆ, ಅಷ್ಟು ಸಾಕು. ಅದಕ್ಕೆ 4 ಓಮ್‌ಗಿಂತ ಕಡಿಮೆಯ ಸ್ಪೀಕರ್ ಹಾಕಬಾರದು, ಎರಡು ಕಡೆಯ ಮೈನಸ್ ವೈರುಗಳನ್ನು ಒಟ್ಟಿಗೆ ಸೇರಿಸಬಾರದು. ಹಳೇ ಸ್ಪೀಕರಿನ ಕಾಗದ ಹರಿದಿಲ್ಲದಿದ್ದರೆ, ಓಮ್ ಅಳೆದು ನೋಡಿ ಅದನ್ನೇ ಬಳಸಿ. ತೂತುಗಳಿರುವ ಹಿಂದಿನ ರಟ್ಟನ್ನು ಬಿಸಾಡಿ ಪ್ಲೈವುಡ್ ಬಡಿಯಬೇಡಿ, ಆ ಪೆಟ್ಟಿಗೆಯ ದನಿ ಹಿಂದಿನಿಂದಲೂ ಉಸಿರಾಡುವಂತೆ ಮಾಡಿದ್ದು. ಮರದ ಮೇಲ್ಮೈ ಬರೀ ತೆಳು ಹಾಳೆ, ಉಪ್ಪುಕಾಗದದಲ್ಲಿ ಜೋರಾಗಿ ಉಜ್ಜಿದರೆ ಅಡಿಯ ಪ್ಲೈವುಡ್ ಹಲ್ಲು ಕಿರಿಯುತ್ತದೆ. ಬಣ್ಣವಂತೂ ಬೇಡವೇ ಬೇಡ.

ಈ 5 ವೋಲ್ಟಿನ ಬೋರ್ಡಿಗೆ ಸಣ್ಣ ಬ್ಯಾಟರಿ, ಅಂಗೈ ಅಗಲದ ಸೋಲಾರ್ ಫಲಕ ಸಾಕು. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಜಮೀನಿನಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ಪಾವಗಡದಲ್ಲಿ ಬಿಸಿಲಿಗೆ ಬರವೇ? 90 ವೋಲ್ಟಿನ ಬ್ಯಾಟರಿಗೆ ದುಡ್ಡು ಹೊಂದಿಸಲು ಪರದಾಡಿದ ಪೆಟ್ಟಿಗೆ ಈಗ ಬಿಸಿಲಿನಲ್ಲಿ ಹಾಡುತ್ತದೆ.

ಏನು ಹಾಡಿಸಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಎಫ್‌ಎಂ ಇರುವ ಬೋರ್ಡಾದರೆ ಚಿತ್ರದುರ್ಗ ಆಕಾಶವಾಣಿ 102.6ರಲ್ಲಿದೆ, ತುಮಕೂರಿನ ಸಮುದಾಯ ಬಾನುಲಿ ರೇಡಿಯೋ ಸಿದ್ಧಾರ್ಥ 90.8ರಲ್ಲಿದೆ. ಎಲ್ಲ ಊರಿಗೂ ಸಿಗಲಿಕ್ಕಿಲ್ಲ, ತಿರುಗಿಸಿ ನೋಡಿ. ನಮ್ಮ ಆಸೆ ಬೇರೊಂದಿದೆ. ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಊದುತ್ತಾ ಹಾಡುವ ಜುಂಜಪ್ಪನ ಕಾವ್ಯ, ಮನೆಯ ಅಜ್ಜಿಯ ಸೋಬಾನೆ, ನಮ್ಮ ಮೂಡಲಪಾಯದ ಭಾಗವತರ ದನಿ, ಇವನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆ ಪೆಟ್ಟಿಗೆಯಿಂದ ಕೇಳಿಸಿ. ಬೆಂಗಳೂರು, ದೆಹಲಿ, ಕೊಲಂಬೊಗಳ ದನಿ ತಂದುಕೊಟ್ಟ ಪೆಟ್ಟಿಗೆಯಲ್ಲಿ ನಮ್ಮೂರಿನ ದನಿ ಬರುವುದು ಅಪರೂಪವೇ ಆಗಿತ್ತು.

ಕಿತ್ತ ಚಾಸಿ, ವಾಲ್ವು, ಗುಂಡಿಗಳನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಹಳೇ ಪತ್ರಿಕೆಯಲ್ಲಿ ಸುತ್ತಿ, ಬೇವಿನ ಸೊಪ್ಪು ಹಾಕಿ, ಒಂದು ಡಬ್ಬಿಯಲ್ಲಿಟ್ಟು ಅಟ್ಟಕ್ಕೇ ವಾಪಸ್ ಕಳಿಸಿ. ಪೆಟ್ಟಿಗೆಯ ಒಳಮೈಗೆ ಒಂದು ಚೀಟಿ ಅಂಟಿಸಿ: ಕಂಪನಿ ಯಾವುದು, ಕೊಂಡವರು ಯಾರು, ಯಾವ ವರ್ಷ, ವಾಲ್ವಿನ ಹೆಸರುಗಳೇನು, ಮುಳ್ಳು ಎಲ್ಲಿ ನಿಂತಿತ್ತು, ಹೊಸ ಬೋರ್ಡು ಹಾಕಿದ್ದು ಯಾವತ್ತು, ಹಳೇ ಭಾಗಗಳ ಡಬ್ಬಿ ಅಟ್ಟದ ಯಾವ ಮೂಲೆಯಲ್ಲಿದೆ.